ಎಕನಾಮೆಟ್ರಿಕ್ಸ್ ಮತ್ತು ಗಣಿತ ಅರ್ಥಶಾಸ್ತ್ರದ ಡಿಗ್ರಿ: ಪ್ರೂಫ್ ಬರೆದು ಅಭ್ಯಾಸವಿಲ್ಲದವರು ತೆಗೆದುಕೊಳ್ಳಬಹುದಾ?

ಇಳಿಜಾರು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಡಿಗ್ರಿಗೆ ಏನು ತೆಗೆದುಕೊಳ್ಳಬೇಕು ಅಂತ ತಲೆ ಕೆಡಿಸಿಕೊಂಡು ಕೂತಿದ್ದೇನೆ. ಗಣಿತ ಇಷ್ಟ, ಅದರಲ್ಲೂ ಕ್ಯಾಲ್ಕುಲಸ್. ಅರ್ಥಶಾಸ್ತ್ರವೂ ಇಷ್ಟ. ಬಡ್ಡಿ ದರ ಏರಿಸಿದರೆ ಬೆಲೆ ಏರಿಕೆ ಯಾಕೆ ತಗ್ಗಬೇಕು ಅನ್ನೋ ತರಹದ ಪ್ರಶ್ನೆ ಸಿಕ್ಕರೆ ಊಟ ಮರೆತು ಓದುತ್ತೇನೆ. ಹುಡುಕುತ್ತಾ ಹೋದಾಗ ಎಕನಾಮೆಟ್ರಿಕ್ಸ್ ಮತ್ತು ಗಣಿತ ಅರ್ಥಶಾಸ್ತ್ರ ಎರಡನ್ನೂ ಸೇರಿಸಿದ ಪದವಿಯೇ ಇದೆ ಅಂತ ಗೊತ್ತಾಯಿತು. ಸಿಲೆಬಸ್ ತೆಗೆದು ನೋಡಿದರೆ ಲೀನಿಯರ್ ಆಲ್ಜಿಬ್ರಾ, ರಿಯಲ್ ಅನಾಲಿಸಿಸ್, ಪ್ರಾಬಬಿಲಿಟಿ, ಅದಾದ ಮೇಲೆ ಇನ್ನಷ್ಟು ಪ್ರಾಬಬಿಲಿಟಿ. ಅರ್ಥಶಾಸ್ತ್ರ ಅಲ್ಲಲ್ಲಿ ಇಣುಕಿ ಹೋಗುತ್ತದೆ ಅಷ್ಟೆ.

ಲೆಕ್ಕ ಮಾಡೋದು ನನಗೆ ಬರುತ್ತದೆ, ಮಾರ್ಕ್ಸೂ ಬೀಳುತ್ತದೆ. ಆದರೆ ಪ್ರೂಫ್ ಅಂತ ಸ್ವಂತವಾಗಿ ಒಂದೂ ಬರೆದಿಲ್ಲ, ಪುಸ್ತಕದಲ್ಲಿ ಇದ್ದದ್ದನ್ನು ಬಾಯಿಪಾಠ ಮಾಡಿದ್ದೇ ಹೆಚ್ಚು. ಸಾಮಾನ್ಯ ಅರ್ಥಶಾಸ್ತ್ರದ ಡಿಗ್ರಿಗಿಂತ ಇದರಲ್ಲಿ ನಿಜಕ್ಕೂ ಏನು ಜಾಸ್ತಿ ಸಿಗುತ್ತದೆ? ಪಿಎಚ್‌ಡಿ ಮಾಡುವ ಆಸೆ ಇಲ್ಲದವರಿಗೂ ಇದು ಪ್ರಯೋಜನವಾ? ಓದಿದವರು ಇದ್ದರೆ ನೇರವಾಗಿ ಹೇಳಿ, ಬೇಜಾರು ಮಾಡಿಕೊಳ್ಳಲ್ಲ.

ಗುಣಕ:

ನಾನು ಓದಿದ್ದು ಇದನ್ನೇ. ಮೊದಲು ಒಂದು ವಿಷಯ. ಈ ಪದವಿಯಲ್ಲಿ ಎರಡು ಬೇರೆ ಬೇರೆ ಕಸುಬುಗಳಿವೆ. ಗಣಿತ ಅರ್ಥಶಾಸ್ತ್ರದಲ್ಲಿ ಒಂದಿಷ್ಟು ಊಹೆ ಇಟ್ಟುಕೊಂಡು, ಅವುಗಳಿಂದ ಏನೇನು ಸಾಬೀತಾಗುತ್ತದೆ ಅಂತ ನೋಡುತ್ತೀರಿ. ಎಕನಾಮೆಟ್ರಿಕ್ಸ್‌ನಲ್ಲಿ ಡೇಟಾ ಮುಂದಿಟ್ಟುಕೊಂಡು ಆ ಮಾತು ನಿಜವಾ, ನಿಜವಾದರೆ ಎಷ್ಟರ ಮಟ್ಟಿಗೆ ಅಂತ ಅಳೆಯುತ್ತೀರಿ. ನಮ್ಮ ಕ್ಲಾಸಿನಲ್ಲಿ ಒಂದನ್ನು ಪ್ರೀತಿಸಿದವರು ಇನ್ನೊಂದನ್ನು ಹಲ್ಲು ಕಚ್ಚಿ ಸಹಿಸಿಕೊಂಡರು. ಎರಡೂ ಒಂದೇ ಸಮ ಇಷ್ಟವಾದವರು ತೀರಾ ಕಡಿಮೆ.

ವ್ಯತ್ಯಾಸ ಏನು ಅಂತ ಒಂದು ಉದಾಹರಣೆಯಲ್ಲಿ ಹೇಳುತ್ತೇನೆ. ಸಾಮಾನ್ಯ ಡಿಗ್ರಿಯಲ್ಲಿ ಗ್ರಾಹಕನ ಆಯ್ಕೆಯ ಪಾಠ ಬಂದರೆ ಲಗ್ರಾಂಜ್ ಗುಣಕ (ಮಿತಿಯೊಳಗೆ ಗರಿಷ್ಠ ಹುಡುಕುವ ಉಪಾಯ) ಹಾಕಿ, ಡಿಫರೆನ್ಶಿಯೇಟ್ ಮಾಡಿ, ಸೊನ್ನೆಗೆ ಸಮ ಮಾಡಿ, ಉತ್ತರ ತೆಗೆದು ಮುಂದೆ ಹೋಗುತ್ತಾರೆ. ಇಲ್ಲಿ ಅದಕ್ಕೂ ಹಿಂದಿನ ಪ್ರಶ್ನೆ ಕೇಳುತ್ತಾರೆ. ಗರಿಷ್ಠ ಬಿಂದು ಒಂದು ಇದ್ದೇ ಇದೆ ಅಂತ ನಿಮಗೆ ಹೇಳಿದವರು ಯಾರು? ಬಜೆಟ್ ಸೆಟ್ (ಕೈಯಲ್ಲಿರುವ ಹಣಕ್ಕೆ ಕೊಳ್ಳಬಹುದಾದ ಎಲ್ಲ ಆಯ್ಕೆಗಳು) ಕಾಂಪ್ಯಾಕ್ಟ್ ಆಗಿರಬೇಕು, ಅಂದರೆ ಅದಕ್ಕೆ ಎಲ್ಲೆ ಇರಬೇಕು, ಅಂಚೂ ಅದರಲ್ಲೇ ಸೇರಿರಬೇಕು, ಯುಟಿಲಿಟಿ ಫಂಕ್ಷನ್ (ಯಾವ ಆಯ್ಕೆಯಿಂದ ಎಷ್ಟು ತೃಪ್ತಿ ಅಂತ ಹೇಳುವುದು) ಕಂಟಿನ್ಯುಯಸ್ ಆಗಿರಬೇಕು, ಅಂದರೆ ಎಲ್ಲೂ ಜಿಗಿಯಬಾರದು, ಆಗ ವೈಯರ್‌ಸ್ಟ್ರಾಸ್ ಪ್ರಮೇಯದಿಂದ ಖಾತ್ರಿ ಸಿಗುತ್ತದೆ. ಒಂದು ವಸ್ತುವಿನ ಬೆಲೆ ಸೊನ್ನೆ ಅಂದುಕೊಳ್ಳಿ. ಅದನ್ನು ಎಷ್ಟು ಬೇಕಾದರೂ ತೆಗೆದುಕೊಳ್ಳಬಹುದು, ಬಜೆಟ್ ಸೆಟ್‌ಗೆ ಎಲ್ಲೆಯೇ ಇಲ್ಲ, ಖಾತ್ರಿ ಅಲ್ಲಿಗೆ ಹೋಯಿತು.

ಇದೇ ಪ್ರಶ್ನೆಯನ್ನು ಇಡೀ ಆರ್ಥಿಕತೆಗೆ ಕೇಳಿ. ಎಲ್ಲ ಮಾರುಕಟ್ಟೆಗಳಲ್ಲೂ ಒಟ್ಟಿಗೇ ಬೇಡಿಕೆ ಪೂರೈಕೆ ಸರಿಹೋಗುವಂಥ ಬೆಲೆಗಳು ಇರಲೇಬೇಕಾ? ಅರ್ಥಶಾಸ್ತ್ರಜ್ಞ ವಾಲ್ರಾ 1870ರ ದಶಕದಲ್ಲಿ ಸಮೀಕರಣಗಳು ಎಷ್ಟು, ಗೊತ್ತಿಲ್ಲದ ಸಂಖ್ಯೆಗಳು ಎಷ್ಟು ಅಂತ ಎಣಿಸಿ, ಎರಡೂ ಸಮ ಇವೆ ಅಂತ ಸಮಾಧಾನ ಪಟ್ಟುಕೊಂಡಿದ್ದರು. ಅಷ್ಟು ಸಾಲದು. ಗಣಿತಜ್ಞ ವಾಲ್ಡ್ 1930ರ ದಶಕದಲ್ಲಿ ಕೆಲವು ಸಂದರ್ಭಗಳಿಗೆ ತೋರಿಸಿದರು, ಸಾಮಾನ್ಯ ರೂಪದ ಪ್ರೂಫ್‌ಗೆ 1954ರ ತನಕ ಕಾಯಬೇಕಾಯಿತು. ಆರೋ ಮತ್ತು ಡೆಬ್ರೂ ಅನ್ನೋ ಅರ್ಥಶಾಸ್ತ್ರಜ್ಞರು ಅದನ್ನು ಫಿಕ್ಸೆಡ್ ಪಾಯಿಂಟ್ ಪ್ರಮೇಯ (ಕೆಲವು ಷರತ್ತುಗಳಿದ್ದರೆ, ಫಂಕ್ಷನ್‌ಗೆ ಕೊಟ್ಟದ್ದೇ ವಾಪಸ್ ಬರುವ ಬಿಂದು ಇದ್ದೇ ಇರುತ್ತದೆ ಅನ್ನುವಂಥದ್ದು) ಬಳಸಿ ಮಾಡಿದರು. ಈ ಕಥೆ ಓದುವಾಗ ನಿಮಗೆ ಮುಂದೇನಾಯಿತು ಅನ್ನಿಸಿದರೆ ಈ ಡಿಗ್ರಿಯ ಒಂದು ಅರ್ಧ ನಿಮಗೆ ಹಿಡಿಸುತ್ತದೆ. ಇದೆಲ್ಲ ಯಾಕಪ್ಪಾ ಬೇಕು, ಬೆಲೆ ಇದ್ದೇ ಇದೆಯಲ್ಲ ಅನ್ನಿಸಿದರೂ ತಪ್ಪಿಲ್ಲ, ಬಹಳ ಜನ ಒಳ್ಳೆಯ ಅರ್ಥಶಾಸ್ತ್ರಜ್ಞರಿಗೆ ಹಾಗೇ ಅನ್ನಿಸುತ್ತದೆ. ಆದರೆ ಅವರಿಗೆ ಈ ಡಿಗ್ರಿ ಬೇಡ.

ಪ್ರೂಫ್ ಬಗ್ಗೆ ಹೇಳಬೇಕೆಂದರೆ, ಮೊದಲ ಅನಾಲಿಸಿಸ್ ಪೇಪರ್‌ನಲ್ಲಿ ಎಪ್ಸಿಲಾನ್ ಡೆಲ್ಟಾ (ಲಿಮಿಟ್‌ನ ಕರಾರುವಾಕ್ಕಾದ ವ್ಯಾಖ್ಯೆ) ಬಂದಾಗ ಹೆಚ್ಚಿನವರ ಮುಖ ಬಾಡುತ್ತದೆ. ಮೊದಲೇ ಬರೆದು ಅಭ್ಯಾಸ ಇದ್ದವರು ಕಡಿಮೆ. ಮಾರ್ಕ್ಸ್ ಚೆನ್ನಾಗಿ ತೆಗೆಯುತ್ತಿದ್ದವರಿಗೇ ಪೆಟ್ಟು ಜಾಸ್ತಿ, ಯಾಕೆಂದರೆ ಒಂದು ಲೆಕ್ಕ ಮುಂದೆ ಇಟ್ಟುಕೊಂಡು ಗಂಟೆಗಟ್ಟಲೆ ಏನೂ ಹೊಳೆಯದೆ ಕೂರುವುದು ಅವರಿಗೆ ಹೊಸದು.

ಶೇಷ:

ಗುಣಕ ಅವರು ಸಿದ್ಧಾಂತದ ಕಡೆಯವರು ಅಂತ ಕಾಣುತ್ತದೆ, ಹಾಗಾಗಿ ನಾನು ಇನ್ನೊಂದು ಅರ್ಧದ ಬಗ್ಗೆ ಹೇಳುತ್ತೇನೆ. ನಾನು ಡೇಟಾ ಕೆಲಸದಲ್ಲಿ ಇರುವವಳು.

1926ರಲ್ಲಿ ಯೂಲ್ ಅನ್ನೋ ಸಂಖ್ಯಾಶಾಸ್ತ್ರಜ್ಞ ಒಂದು ಲೆಕ್ಕ ತೋರಿಸಿದ್ದರು. 1866ರಿಂದ 1911ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಒಟ್ಟು ಮದುವೆಗಳ ಪೈಕಿ ಚರ್ಚ್ ಆಫ್ ಇಂಗ್ಲೆಂಡ್‌ನಲ್ಲಿ ನಡೆದ ಮದುವೆಗಳ ಪಾಲು ಒಂದು ಕಡೆ, ಸಾವಿನ ದರ ಇನ್ನೊಂದು ಕಡೆ. ಎರಡರ ನಡುವೆ ಕೋರಿಲೇಷನ್ (ಎಷ್ಟರ ಮಟ್ಟಿಗೆ ಜೊತೆಜೊತೆಗೆ ಸಾಗುತ್ತವೆ ಅನ್ನೋ ಅಳತೆ, ಹೆಚ್ಚೆಂದರೆ 1) 0.95! ಚರ್ಚ್ ಮದುವೆ ನಿಲ್ಲಿಸಿದರೆ ಜನ ಸಾಯುವುದು ನಿಲ್ಲುತ್ತದಾ? ಎರಡೂ ಆ ಕಾಲದಲ್ಲಿ ಇಳಿಯುತ್ತಾ ಬಂದವು, ಅಷ್ಟೆ. ಇವತ್ತಿಗೂ ಎಷ್ಟೋ ಕಡೆ ಮೀಟಿಂಗ್‌ಗಳಲ್ಲಿ ಇದೇ ತರಹದ ಎರಡು ಗೆರೆ ಪಕ್ಕಪಕ್ಕ ಹಾಕಿ ಚಪ್ಪಾಳೆ ಗಿಟ್ಟಿಸುವವರು ಇದ್ದಾರೆ. ಈ ಡಿಗ್ರಿ ಓದಿದವರಿಗೆ ಅಂಥ ಸ್ಲೈಡ್ ಕಂಡರೆ ಮೈ ಉರಿಯುತ್ತದೆ.

ಸಾಮಾನ್ಯ ಡಿಗ್ರಿಯಲ್ಲೂ ರಿಗ್ರೆಶನ್ (ಡೇಟಾದ ಚುಕ್ಕೆಗಳಿಗೆ ಹೊಂದುವ ಗೆರೆ ಎಳೆಯುವುದು) ಕಲಿಸುತ್ತಾರೆ. ಆದರೆ ಅಲ್ಲಿ ಹೆಚ್ಚಾಗಿ ಸಾಫ್ಟ್‌ವೇರ್ ಓಡಿಸಿ ಟೇಬಲ್ ಓದುವುದನ್ನು ಕಲಿಯುತ್ತೀರಿ. ಇಲ್ಲಿ ಆ ಟೇಬಲ್‌ನಲ್ಲಿರುವ ಸ್ಟ್ಯಾಂಡರ್ಡ್ ಎರರ್ (ಅಂದಾಜು ಎಷ್ಟು ಅತ್ತಿತ್ತ ಆಗಬಹುದು ಅನ್ನೋ ಅಳತೆ) ಎಲ್ಲಿಂದ ಬಂತು, ಯಾವ ಊಹೆ ಮುರಿದರೆ ಅದು ಸುಳ್ಳಾಗುತ್ತದೆ ಅಂತ ಮ್ಯಾಟ್ರಿಕ್ಸ್ ಹಿಡಿದು ಬಿಡಿಸುತ್ತೀರಿ. ನನಗೆ ಕೆಲಸಕ್ಕೆ ಬಂದದ್ದು ಇದೇ. ಸುಮ್ನೆ ಫಾರ್ಮುಲಾ ಗೊತ್ತಿದ್ದರೆ ಕಂಪ್ಯೂಟರ್ ನಮಗಿಂತ ಚೆನ್ನಾಗಿ ಮಾಡುತ್ತದೆ ಅಲ್ವಾ.

ಒಂದು ದೊಡ್ಡ ಉದಾಹರಣೆ. ಕನಿಷ್ಠ ಕೂಲಿ ಏರಿಸಿದರೆ ಕೆಲಸಗಳು ಕಡಿಮೆಯಾಗುತ್ತವೆ ಅಂತ ಪಠ್ಯಪುಸ್ತಕದ ಚಿತ್ರ ಹೇಳುತ್ತದೆ. 1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರ್‌ನಿಂದ 5.05ಕ್ಕೆ ಏರಿಸಿತು, ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಕಾರ್ಡ್ ಮತ್ತು ಕ್ರೂಗರ್ ಅನ್ನೋ ಅರ್ಥಶಾಸ್ತ್ರಜ್ಞರು ಎರಡೂ ಕಡೆಯ 410 ಫಾಸ್ಟ್‌ಫುಡ್ ಅಂಗಡಿಗಳಲ್ಲಿ ಏರಿಕೆಗೆ ಮೊದಲು ಎಷ್ಟು ಜನ ಕೆಲಸಕ್ಕಿದ್ದರು, ಆಮೇಲೆ ಎಷ್ಟು ಅಂತ ಹೋಲಿಸಿದರು. ಕೆಲಸ ಕಡಿಮೆಯಾದದ್ದು ಕಾಣಲಿಲ್ಲ. 1994ರಲ್ಲಿ ಅದು ಪ್ರಕಟವಾದಾಗ ದೊಡ್ಡ ಗಲಾಟೆ. ಬೇರೆಯವರು ಅಂಗಡಿಗಳ ಸಂಬಳದ ದಾಖಲೆ ತಂದು ಇಲ್ಲ, ಕಡಿಮೆಯಾಗಿದೆ ಅಂದರು, ಇವರು ಮತ್ತೆ ಉತ್ತರ ಕೊಟ್ಟರು. 2021ರಲ್ಲಿ ಕಾರ್ಡ್‌ಗೆ ನೊಬೆಲ್ ಬಂತು, ಆಂಗ್ರಿಸ್ಟ್ ಮತ್ತು ಇಂಬೆನ್ಸ್ ಜೊತೆ. ಈ ಜಗಳದಲ್ಲಿ ಬಳಸಿದ ಗಣಿತ ಕೂಡುವುದು ಕಳೆಯುವುದಕ್ಕಿಂತ ಬಹಳ ದೂರ ಹೋಗುವುದಿಲ್ಲ. ಪೆನ್ಸಿಲ್ವೇನಿಯಾವನ್ನು ಹೋಲಿಕೆಗೆ ಇಟ್ಟುಕೊಳ್ಳಬಹುದಾ ಅನ್ನೋದು ಇಡೀ ವಾದದ ಜೀವಾಳ, ಅದಕ್ಕೆ ಯಾವ ಪ್ರಮೇಯವೂ ಉತ್ತರ ಕೊಡುವುದಿಲ್ಲ.

ಕೆಲಸದ ವಿಷಯ: ಸೆಂಟ್ರಲ್ ಬ್ಯಾಂಕ್, ವಿಮೆ, ಕನ್ಸಲ್ಟಿಂಗ್, ಬೆಲೆ ನಿಗದಿ ಮಾಡುವ ತಂಡಗಳು, ಟೆಕ್ ಕಂಪನಿಗಳು, ಎಲ್ಲ ಕಡೆಯೂ ಇಂಥವರು ಬೇಕು. ಪಿಎಚ್‌ಡಿ ಇಲ್ಲದಿದ್ದರೂ ನಡೆಯುತ್ತದೆ. ಆದರೆ ದಿನದ ಬಹುಪಾಲು ಡೇಟಾ ಸರಿಮಾಡುವುದರಲ್ಲೇ ಹೋಗುತ್ತದೆ, ಅದನ್ನು ಯಾವ ಸಿಲೆಬಸ್ಸೂ ಹೇಳಲ್ಲ.

ಬೇಲಿಯಾಚೆ:

ಎಲ್ಲರೂ ಹೊಗಳುತ್ತಿದ್ದಾರೆ, ನಾನು ಸ್ವಲ್ಪ ಉಲ್ಟಾ ಹೇಳುತ್ತೇನೆ. ಗಣಿತ ಅಷ್ಟು ಇಷ್ಟ ಇದ್ದರೆ ನೇರವಾಗಿ ಗಣಿತವನ್ನೋ ಸ್ಟಾಟಿಸ್ಟಿಕ್ಸನ್ನೋ ತೆಗೆದುಕೊಳ್ಳಿ, ಅರ್ಥಶಾಸ್ತ್ರ ಎಂಎಯಲ್ಲಿ ಓದಬಹುದು. ಉಲ್ಟಾ ದಾರಿ ಕಷ್ಟ. ಈ ವಿಷಯ ಕಟ್ಟಿದವರನ್ನೇ ನೋಡಿ. 1969ರಲ್ಲಿ ಅರ್ಥಶಾಸ್ತ್ರದ ಮೊದಲ ನೊಬೆಲ್ ಫ್ರಿಶ್ ಮತ್ತು ಟಿನ್‌ಬರ್ಗೆನ್‌ಗೆ ಬಂತು, ಎಕನಾಮೆಟ್ರಿಕ್ಸ್‌ನ ಮೂಲಪುರುಷರು ಅಂತಲೇ ಹೇಳಬಹುದು. ಟಿನ್‌ಬರ್ಗೆನ್ ಪಿಎಚ್‌ಡಿ ಮಾಡಿದ್ದು ಭೌತಶಾಸ್ತ್ರದ ಪ್ರೊಫೆಸರ್ ಏರೆನ್‌ಫೆಸ್ಟ್ ಕೈಕೆಳಗೆ. ಡೆಬ್ರೂ ಓದಿದ್ದು ಗಣಿತ. 2000ದ ನೊಬೆಲ್ ಪಡೆದ ಮ್ಯಾಕ್‌ಫ್ಯಾಡನ್ ಅವರ ಮೊದಲ ಡಿಗ್ರಿ ಭೌತಶಾಸ್ತ್ರ.

ಇನ್ನೊಂದು ದೂರು. ಈ ಡಿಗ್ರಿಯಲ್ಲಿ ಟೈಮ್ ಟೇಬಲ್ ತುಂಬಾ ಗಣಿತವೇ ಇರುವುದರಿಂದ ಆರ್ಥಿಕ ಇತಿಹಾಸ, ಸಾರ್ವಜನಿಕ ಹಣಕಾಸು, ಕಾರ್ಮಿಕರ ವಿಷಯ ಇಂಥವೆಲ್ಲ ಅಂಚಿಗೆ ಹೋಗುತ್ತವೆ. ಜನರಲೈಸ್ಡ್ ಮೆಥಡ್ ಆಫ್ ಮೊಮೆಂಟ್ಸ್ (ಎಕನಾಮೆಟ್ರಿಕ್ಸ್‌ನ ಒಂದು ಅಂದಾಜು ವಿಧಾನ) ಅರೆದು ಕುಡಿದವರು 1930ರ ದಶಕದ ಮಹಾಕುಸಿತದಲ್ಲಿ ಬ್ಯಾಂಕುಗಳು ಯಾಕೆ ಮುಳುಗಿದವು ಅಂತ ಕೇಳಿದರೆ ಆಕಾಶ ನೋಡುತ್ತಾರೆ. ಬಡ್ಡಿ ದರದ ಪ್ರಶ್ನೆಗೆ ಊಟ ಮರೆಯುವವರಿಗೆ ಇದು ಸಣ್ಣ ನಷ್ಟವಲ್ಲ.

ಗುಣಕ:

ಬೇಲಿಯಾಚೆ ಅವರ ಎರಡನೇ ಮಾತು ಒಪ್ಪುತ್ತೇನೆ. ಮೊದಲನೆಯದು ಅರ್ಧ ಸರಿ. ಟಿನ್‌ಬರ್ಗೆನ್ ಓದುವಾಗ ಈ ಪದವಿಯೇ ಇರಲಿಲ್ಲ, ಎಕನಾಮೆಟ್ರಿಕ್ ಸೊಸೈಟಿ ಹುಟ್ಟಿದ್ದೇ 1930ರಲ್ಲಿ, ಹಾಗಾಗಿ ಅವರು ಬೇರೆ ಕಡೆಯಿಂದ ಬರಲೇಬೇಕಿತ್ತು. ಆಮೇಲೆ ಅದೇ ಟಿನ್‌ಬರ್ಗೆನ್ ಮತ್ತು ಥೈಲ್ ಅನ್ನೋ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಸೇರಿ 1956ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಎಕನಾಮೆಟ್ರಿಕ್ ಇನ್‌ಸ್ಟಿಟ್ಯೂಟ್ ಕಟ್ಟಿದರು. ನೆದರ್‌ಲೆಂಡ್ಸ್‌ನಲ್ಲಿ ಈಗ ಎಕನಾಮೆಟ್ರಿಕ್ಸ್ ಅನ್ನು ಆಪರೇಷನ್ಸ್ ರಿಸರ್ಚ್ (ಗಣಿತ ಬಳಸಿ ಒಳ್ಳೆಯ ನಿರ್ಧಾರ ಹುಡುಕುವ ವಿಷಯ) ಜೊತೆ ಸೇರಿಸಿ ಮೊದಲ ಡಿಗ್ರಿಯಲ್ಲೇ ಹಲವು ವಿಶ್ವವಿದ್ಯಾಲಯಗಳು ಕಲಿಸುತ್ತವೆ. ಇಳಿಜಾರು ಅವರೇ, ಎಲ್ಲಿ ಸೇರಿದರೂ ಎರಡನೇ ವರ್ಷದಲ್ಲಿ ಸಾಮಾನ್ಯ ಅರ್ಥಶಾಸ್ತ್ರಕ್ಕೆ ಬದಲಾಯಿಸಿಕೊಳ್ಳಲು ಬಿಡುತ್ತಾರಾ ಅಂತ ಸೇರುವ ಮೊದಲೇ ಕೇಳಿ ತಿಳಿದುಕೊಳ್ಳಿ.

ಇಳಿಜಾರು:

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಕಾರ್ಡ್ ಕ್ರೂಗರ್ ವಿಷಯ ಓದಿ ಇನ್ನೂ ಆಸೆ ಜಾಸ್ತಿಯಾಯಿತು. ಆದರೆ ಆ ಭಯ ಹೋಗಿಲ್ಲ. ಸೇರುವ ಮೊದಲೇ ನನಗೆ ಇದು ಆಗುತ್ತದಾ ಅಂತ ಪರೀಕ್ಷೆ ಮಾಡಿಕೊಳ್ಳುವ ದಾರಿ ಏನಾದರೂ ಇದೆಯಾ?

ಹಳೇ ಮೇಷ್ಟ್ರು:

ಇದೆ. ಪುಸ್ತಕ, ಮೊಬೈಲ್ ಪಕ್ಕಕ್ಕಿಟ್ಟು, ಪೆನ್ನು ಹಾಳೆ ಹಿಡಿದು ಮೂರು ಪ್ರಶ್ನೆಗಳ ಜೊತೆ ಕೂತು ನೋಡಿ. ಉತ್ತರ ಬಂತಾ ಇಲ್ಲವಾ ಅನ್ನೋದಕ್ಕಿಂತ, ಬಿಟ್ಟು ಎದ್ದು ಹೋದ ಮೇಲೂ ತಲೆಯಲ್ಲಿ ಅದೇ ಓಡುತ್ತಿದೆಯಾ ಅಂತ ಗಮನಿಸಿ.

ಒಂದು. ಒಂದು ಸೆಟ್‌ನ ಯಾವುದೇ ಎರಡು ಬಿಂದುಗಳನ್ನು ಸೇರಿಸುವ ಗೆರೆ ಪೂರ್ತಿ ಆ ಸೆಟ್‌ನೊಳಗೇ ಇದ್ದರೆ ಅದು ಕಾನ್ವೆಕ್ಸ್. ಎರಡು ಕಾನ್ವೆಕ್ಸ್ ಸೆಟ್‌ಗಳಿಗೆ ಸಾಮಾನ್ಯವಾದ ಭಾಗ ಯಾವಾಗಲೂ ಕಾನ್ವೆಕ್ಸ್ ಅಂತ ತೋರಿಸಿ. ಎರಡರಲ್ಲಿ ಯಾವುದಾದರೊಂದರಲ್ಲಿರುವ ಬಿಂದುಗಳನ್ನೆಲ್ಲ ಸೇರಿಸಿದ ಸೆಟ್ (ಯೂನಿಯನ್) ಯಾಕೆ ಹಾಗಾಗಲೇಬೇಕಿಲ್ಲ? ಇದು ಮೂರ್ನಾಲ್ಕು ಸಾಲಿನ ಪ್ರೂಫ್, ಕ್ಯಾಲ್ಕುಲಸ್ ಬೇಡ.

ಎರಡು. ಚುಕ್ಕೆಗಳ ಮೂಲಕ ಲೀಸ್ಟ್ ಸ್ಕ್ವೇರ್ಸ್ ಗೆರೆ (ಚುಕ್ಕೆಗಳಿಂದ ಗೆರೆಗಿರುವ ಲಂಬ ಅಂತರಗಳ ವರ್ಗಗಳ ಮೊತ್ತ ಅತಿ ಕಡಿಮೆ ಆಗುವ ಗೆರೆ) ಎಳೆಯಿರಿ, ಇಂಟರ್‌ಸೆಪ್ಟ್ (ಗೆರೆ y ಅಕ್ಷವನ್ನು ಮುಟ್ಟುವ ಎತ್ತರ) ಇರಲಿ. ಗೆರೆಗೂ ಚುಕ್ಕೆಗಳಿಗೂ ಇರುವ ಲಂಬ ಅಂತರಗಳನ್ನು ಚಿಹ್ನೆ ಸಮೇತ ಕೂಡಿದರೆ ಪ್ರತಿ ಸಲ ಸೊನ್ನೆಯೇ ಬರುತ್ತದೆ. ಯಾಕೆ? ಇಂಟರ್‌ಸೆಪ್ಟ್ ತೆಗೆದುಹಾಕಿದರೆ?

ಮೂರನೆಯದು ನನಗೆ ಬಹಳ ಇಷ್ಟ. ಒಂದು ವಸ್ತುವಿನ ಪ್ರತಿ ವರ್ಷದ ಬೆಲೆ ಮತ್ತು ಮಾರಾಟವಾದ ಪ್ರಮಾಣ ನಿಮ್ಮ ಹತ್ತಿರ ಇದೆ. ಚುಕ್ಕೆ ಹಾಕಿ ಗೆರೆ ಎಳೆದಿರಿ. ನಿಮಗೆ ಸಿಕ್ಕಿದ್ದು ಬೇಡಿಕೆಯ ರೇಖೆಯಾ, ಪೂರೈಕೆಯ ರೇಖೆಯಾ? ಯೋಚಿಸಿ. ಪ್ರತಿ ಚುಕ್ಕೆಯೂ ಆ ವರ್ಷದ ಎರಡೂ ರೇಖೆಗಳು ಸೇರಿದ ಜಾಗ. ವರ್ಷ ವರ್ಷವೂ ಎರಡೂ ಜರುಗಿದ್ದರೆ ನೀವು ಎಳೆದ ಗೆರೆ ಅದೂ ಅಲ್ಲ, ಇದೂ ಅಲ್ಲ. ಡೇಟಾ ಹತ್ತು ಪಟ್ಟು ತಂದರೂ ಅಷ್ಟೆ, ತೊಂದರೆ ಡೇಟಾ ಕಡಿಮೆ ಇರುವುದರಿಂದ ಬಂದದ್ದಲ್ಲ. ಹಾಗಾದರೆ ಬೇಡಿಕೆಯ ರೇಖೆಯನ್ನು ಹಿಡಿಯಲು ಇನ್ನೇನು ಮಾಹಿತಿ ಬೇಕು? ಇಲ್ಲಿ ನಿಲ್ಲಿಸಿ, ಮುಂದಿನದನ್ನು ಓದುವ ಮೊದಲು ಒಂದು ಸಂಜೆಯಾದರೂ ಯೋಚಿಸಿ.

ಪೂರೈಕೆಯನ್ನು ಮಾತ್ರ ಜರುಗಿಸುವ, ಬೇಡಿಕೆಯನ್ನು ಮುಟ್ಟದ ಏನಾದರೂ ಬೇಕು. ಬೆಳೆಯ ಮೇಲೆ ಹವಾಮಾನ ಅಂದುಕೊಳ್ಳಿ. ಅದರಿಂದ ಪೂರೈಕೆ ಅತ್ತಿತ್ತ ಸರಿದಾಗ, ನಿಂತಲ್ಲೇ ನಿಂತ ಬೇಡಿಕೆಯ ರೇಖೆ ಚುಕ್ಕೆ ಚುಕ್ಕೆಯಾಗಿ ಕಾಣಿಸಿಕೊಳ್ಳುತ್ತದೆ. ಇದೇ ಇನ್‌ಸ್ಟ್ರುಮೆಂಟಲ್ ವೇರಿಯಬಲ್. 1928ರಲ್ಲಿ ಅರ್ಥಶಾಸ್ತ್ರಜ್ಞ ಫಿಲಿಪ್ ರೈಟ್ ಎಣ್ಣೆಗಳ ಆಮದು ಸುಂಕದ ಬಗ್ಗೆ ಬರೆದ ಪುಸ್ತಕದ ಅನುಬಂಧದಲ್ಲಿ ಬೆಣ್ಣೆ ಮತ್ತು ಅಗಸೆ ಬೀಜದ ಡೇಟಾ ಇಟ್ಟುಕೊಂಡು ಇದನ್ನು ಮಾಡಿದ್ದಾರೆ. (ಅನುಬಂಧ ಬರೆದದ್ದು ಅಪ್ಪನಾ, ತಳಿಶಾಸ್ತ್ರಜ್ಞನಾದ ಮಗ ಸೀವಲ್ ರೈಟಾ ಅಂತ ಬಹಳ ಕಾಲ ಅನುಮಾನ ಇತ್ತು. ಆಮೇಲೆ ಬರವಣಿಗೆಯ ಶೈಲಿಯನ್ನೇ ಸ್ಟಾಟಿಸ್ಟಿಕ್ಸ್‌ನಿಂದ ಅಳೆದು ಅಪ್ಪನೇ ಅಂತ ತೀರ್ಮಾನಕ್ಕೆ ಬಂದರು. ಎಂಥ ಜನ ನೋಡಿ!)

ಮೂರನೆಯದು ರುಚಿಸಿ ಮೊದಲನೆಯದು ಬೋರ್ ಆದರೆ ಅರ್ಥಶಾಸ್ತ್ರವನ್ನೇ ತೆಗೆದುಕೊಂಡು ಎಕನಾಮೆಟ್ರಿಕ್ಸ್ ಪೇಪರ್‌ಗಳನ್ನು ಜಾಸ್ತಿ ಆರಿಸಿಕೊಳ್ಳಿ. ಮೊದಲನೆಯದು ಮಾತ್ರ ರುಚಿಸಿದರೆ ಬೇಲಿಯಾಚೆ ಅವರ ಮಾತು ಕೇಳಿ ಗಣಿತಕ್ಕೆ ಹೋಗಿ. ಮೂರೂ ಕಾಡಿದರೆ ನೀವು ಕೇಳಿದ ಡಿಗ್ರಿಯೇ ಸರಿ.

ಇಳಿಜಾರು:

ಮೇಷ್ಟ್ರೇ, ಎರಡನೆಯದು ಆಯಿತು. ಇಂಟರ್‌ಸೆಪ್ಟ್‌ಗೆ ಸಂಬಂಧಿಸಿ ಡಿಫರೆನ್ಶಿಯೇಟ್ ಮಾಡಿ ಸೊನ್ನೆಗೆ ಸಮ ಮಾಡಿದರೆ ಅದೇ ಬಂದುಬಿಡುತ್ತದೆ, ಇಂಟರ್‌ಸೆಪ್ಟ್ ಇಲ್ಲದಿದ್ದರೆ ಆ ಸಮೀಕರಣವೇ ಇರುವುದಿಲ್ಲ, ಹಾಗಾಗಿ ಸೊನ್ನೆ ಬರಲೇಬೇಕು ಅಂತ ಇಲ್ಲ. ಸರಿನಾ? ಮೂರನೆಯದರ ಉತ್ತರ ತಡೆಯಲಾರದೆ ಓದಿಬಿಟ್ಟೆ. ಮೊದಲನೆಯದರಲ್ಲಿ ಸಾಮಾನ್ಯ ಭಾಗದ್ದು ಚಿತ್ರದಲ್ಲಿ ಕಾಣುತ್ತದೆ, ಬರೆಯಲು ಹೋದರೆ ಮೊದಲ ಸಾಲು ಏನಂತ ಗೊತ್ತಾಗುತ್ತಿಲ್ಲ.

ಹಳೇ ಮೇಷ್ಟ್ರು:

ಎರಡನೆಯದು ಸರಿ. ಮೊದಲನೆಯದಕ್ಕೆ ಮೊದಲ ಸಾಲು ಹೀಗೆ: "ಸಾಮಾನ್ಯ ಭಾಗದಲ್ಲಿ ಯಾವುದಾದರೂ ಎರಡು ಬಿಂದು ತೆಗೆದುಕೊಳ್ಳೋಣ." ಅವೆರಡೂ ಮೊದಲ ಸೆಟ್‌ನಲ್ಲೂ ಇವೆ, ಎರಡನೆಯದರಲ್ಲೂ ಇವೆ. ಮುಂದಿನದು ನೀವೇ ಬರೆದು ಇಲ್ಲಿ ಹಾಕಿ, ನೋಡುತ್ತೇನೆ.