ವಿಎ ಕೆಲ್ಸದಲ್ಲಿ ಒಂದೇ ಲೈನ್ ಹಿಡೀಬೇಕಾ, ಎಲ್ಲಾನೂ ಮಾಡ್ಕೊಂಡು ಹೋಗ್ಬೇಕಾ?

ಬಸವೇಶ್ವರನಗರ_ವಿಎ:
ಎಲ್ರಿಗೂ ನಮಸ್ಕಾರ. ಮಗಳು ಹುಟ್ಟಿದ್ಮೇಲೆ ಪೀಣ್ಯದಲ್ಲಿದ್ದ ಅಕೌಂಟ್ಸ್ ಕೆಲ್ಸ ಬಿಟ್ಟು ಮನೆಯಿಂದ್ಲೇ ಫ್ರೀಲ್ಯಾನ್ಸ್ ವರ್ಚುಯಲ್ ಅಸಿಸ್ಟೆಂಟ್ (ವಿಎ, ಅಂದ್ರೆ ದೂರದಿಂದ್ಲೇ ಬೇರೆಯವ್ರ ಆಫೀಸ್ ಕೆಲ್ಸ ನೋಡ್ಕೊಳ್ಳೋರು) ಆಗಿ ಮಾಡ್ತಿದೀನಿ. ಈಗ ಬೋಸ್ಟನ್ ಕಡೆ ಒಬ್ರು ಕೋಚ್ ಇದಾರೆ, ಅವ್ರ ಇನ್‌ಬಾಕ್ಸು ಕ್ಯಾಲೆಂಡರು ನಂದೇ. ಲಂಡನ್ನಲ್ಲಿ ಒಬ್ರು ಇಂಟೀರಿಯರ್ ಡಿಸೈನರ್, ಅವ್ರಿಗೆ ಇನ್ವಾಯ್ಸ್ ಕಳ್ಸೋದು, ದುಡ್ಡು ಬರ್ದಿದ್ರೆ ಫಾಲೋಅಪ್ ಮಾಡೋದು, ಜೊತೆಗೆ ಕ್ಯಾನ್ವಾ ಅನ್ನೋ ಡಿಸೈನ್ ಆಪ್‌ನಲ್ಲಿ ಪೋಸ್ಟು. ಇಲ್ಲೇ ಜಯನಗರದ ಒಂದು ಬುಟೀಕ್‌ಗೆ ವಾಟ್ಸಾಪ್ ಆರ್ಡರ್ ನೋಡ್ಕೋತೀನಿ.

ಕೆಲ್ಸ ಇದೆ, ಆದ್ರೆ ರೇಟ್ ಮೇಲೇರ್ತಿಲ್ಲ. ಹೊಸದಕ್ಕೆ ಪ್ರಪೋಸಲ್ ಹಾಕಿದ್ರೆ ಅದೇ ಲಿಸ್ಟ್ ಹಾಕಿರೋರು ರಾಶಿ ಜನ, ಯಾರು ಕಮ್ಮಿಗೆ ಬರ್ತಾರೋ ಅವ್ರಿಗೇ ಸಿಗತ್ತೆ. ಮೇಲಾಗಿ ಬೋಸ್ಟನ್ ಬೆಳಗ್ಗೆ 9 ಅಂದ್ರೆ ನಮ್ಗೆ ಸಂಜೆ ಆರೂವರೆ, ನವೆಂಬರಲ್ಲಿ ಅವ್ರು ಗಡಿಯಾರ ಹಿಂದಕ್ಕೆ ಹಾಕಿದ್ಮೇಲೆ ಏಳೂವರೆ, ಸರಿಯಾಗಿ ಮಗಳಿಗೆ ಊಟ ಮಾಡ್ಸೋ ಹೊತ್ತು. ನಂದು ಬಿಕಾಂ, ಟ್ಯಾಲಿ ಚೆನ್ನಾಗ್ ಬರತ್ತೆ. ಬುಕ್‌ಕೀಪಿಂಗ್ (ಲೆಕ್ಕ ಬರೆಯೋ ಕೆಲ್ಸ) ಒಂದನ್ನೇ ಹಿಡಿಯೋಣ ಅಂತ ಮನಸ್ಸಿದೆ, ಆದ್ರೆ ಇರೋರೂ ಕೈ ಬಿಟ್ಟೋದ್ರೆ? ಮನೆ ಇಎಂಐಯಲ್ಲಿ ನನ್ ಪಾಲೂ ಇದೆ, ಅದಕ್ಕೇ ಕೇಳ್ತಿದೀನಿ.

ರಿಟರ್ನ್_ರಿಫಂಡ್:
ಹಿಡೀರಿ ಮೇಡಂ. ನಾನು ಶಾಪಿಫೈ ಅನ್ನೋ ಸಾಫ್ಟ್‌ವೇರ್ ಮೇಲೆ ನಡೆಯೋ ಆನ್‌ಲೈನ್ ಅಂಗಡಿಗಳ ಕಸ್ಟಮರ್ ಸಪೋರ್ಟ್ ಬಿಟ್ಟು ಬೇರೇನೂ ಮಾಡಲ್ಲ. ಒಬ್ರಿಗೆ ಅಂತ ಬರೆದ ರಿಟರ್ನ್ ಉತ್ತರಗಳು, ರಿಫಂಡ್ ಶೀಟು ಸ್ವಲ್ಪ ತಿದ್ದಿದ್ರೆ ಮುಂದಿನವ್ರಿಗೂ ಆಗತ್ತೆ, ಕ್ಲೈಂಟ್ ಕೂತ್ಕೊಂಡು ಕಲಿಸ್ಬೇಕಿಲ್ಲ, ಅದಕ್ಕೇ ಗಂಟೆ ಲೆಕ್ಕ ಬಿಟ್ಟು ತಿಂಗಳ ಲೆಕ್ಕದಲ್ಲಿ ಕೇಳಕ್ಕೆ ಬಾಯಿ ಬರತ್ತೆ. ಇನ್ನೊಂದು, ಅಂಗಡಿಯವ್ರಿಗೆ ಅಂಗಡಿಯವ್ರೇ ಫ್ರೆಂಡ್ಸು, ಒಬ್ರು ಇನ್ನೊಬ್ರಿಗೆ ಹೇಳ್ತಾರೆ. ಫೈವರ್ ಅನ್ನೋ ಫ್ರೀಲ್ಯಾನ್ಸ್ ಸೈಟ್‌ನಲ್ಲಿ 100 ಡಾಲರ್ ಕೆಲ್ಸಕ್ಕೆ ಅವ್ರ ಕಮಿಷನ್ ಹೋಗಿ ನಮ್ ಕೈಗೆ ಬರೋದು 80, ಪರಿಚಯದ ಮೇಲೆ ಬಂದ್ರೆ ಆ ಇಪ್ಪತ್ತೂ ನಮ್ದೇ.

ಮಲ್ಲೇಶ್ವರ_8ನೇ_ಕ್ರಾಸ್:
ನಾನು ಒಪ್ಪಲ್ಲ. ಎಲ್ಲಾ ಕೆಲ್ಸ ಮಾಡೋದು ತಪ್ಪಲ್ಲ ರೀ, ಎಲ್ರಿಗೂ ಎಲ್ಲಾ ಮಾಡ್ತೀನಿ ಅನ್ನೋದು ತಪ್ಪು. ನಾನು ಇಬ್ರೇ ಫೌಂಡರ್‌ಗಳ ಪೂರ್ತಿ ವ್ಯವಹಾರ ನೋಡ್ಕೋತೀನಿ, ಟಿಕೆಟ್‌ನಿಂದ ಬೋರ್ಡ್ ಮೀಟಿಂಗ್ ಪೇಪರ್‌ವರೆಗೂ. ಯಾವ ಫೋನ್ ಎತ್ಬೇಕು, ಯಾವ್ದು ನಾಳೆಗೆ ಆಗತ್ತೆ ಅನ್ನೋದು ಅವ್ರಿಗಿಂತ ನಂಗೇ ಗೊತ್ತಾಗ್ಬಿಟ್ಟಿದೆ, ದುಡ್ಡು ಕೊಡೋದು ಅದಕ್ಕೇ. ಬರೀ ಒಂದು ಟೂಲ್ ಕಲ್ತು ಅದೇ ಸ್ಪೆಷಲಿಟಿ ಅಂದ್ರೆ ಕ್ಲೈಂಟ್ ಆ ಟೂಲ್ ಬದಲಾಯಿಸಿದ ದಿನ ಕಷ್ಟ. ಕೆಲ್ಸದ ಪಟ್ಟಿ ಇಡೋ ಆಪ್‌ಗಳಲ್ಲೇ ನೋಡಿ, ಟ್ರೆಲ್ಲೋದಿಂದ ಆಸನಾಗೆ, ಅಲ್ಲಿಂದ ನೋಷನ್‌ಗೆ ಅಂತ ಹೋಗ್ತಾನೇ ಇರ್ತಾರೆ. ಬೋಸ್ಟನ್ ಅವ್ರು ಒಳ್ಳೆಯವ್ರಾದ್ರೆ ಟೈಮ್ ಬಗ್ಗೆ ಒಂದ್ಸಲ ಮಾತಾಡಿ ನೋಡಿ, ಸುಮ್ನೆ ಬಿಡ್ಬೇಡಿ.

ಜಮಾಖರ್ಚು:
ನಾನು ಯುಕೆ ಅಕೌಂಟೆಂಟ್‌ಗಳ ಕೈಕೆಳಗೆ ಬುಕ್‌ಕೀಪಿಂಗ್ ಮಾಡೋಳು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ಅಕ್ಕ, ನೀವು ಬರೆದದ್ದರಲ್ಲೇ ಉತ್ತರ ಇದೆ, ಲಂಡನ್ ಕ್ಲೈಂಟ್‌ಗೆ ನೀವು ಮಾಡ್ತಿರೋ ಇನ್ವಾಯ್ಸು, ವಸೂಲಿ ಆಗ್ಲೇ ಅರ್ಧ ಬುಕ್‌ಕೀಪಿಂಗೇ. ಇನ್‌ಬಾಕ್ಸ್ ಕೆಲ್ಸ ಅವ್ರು ಎದ್ದಿರೋ ಹೊತ್ತಿಗೇ ಆಗ್ಬೇಕು, ಬ್ಯಾಂಕ್ ರೀಕನ್ಸಿಲಿಯೇಶನ್‌ಗೆ (ಬ್ಯಾಂಕ್ ಸ್ಟೇಟ್‌ಮೆಂಟಿಗೂ ಲೆಕ್ಕಕ್ಕೂ ತಾಳೆ ನೋಡೋದು) ಆ ಕಾಟ ಇಲ್ಲ, ಮಗಳು ಸ್ಕೂಲಿಗೆ ಹೋದ್ಮೇಲೆ ಬೆಳಗ್ಗೆ ಹತ್ತಕ್ಕೆ ಕೂತು ಮಾಡ್ಬೋದು. ತಿಂಗಳ ಕೊನೇಲಿ ಮಾತ್ರ ಉಸಿರಾಡಕ್ಕೆ ಬಿಡಲ್ಲ.

ಯುಕೆಲಿ ಮೇಕಿಂಗ್ ಟ್ಯಾಕ್ಸ್ ಡಿಜಿಟಲ್ ಅಂತ ತೆರಿಗೆ ನಿಯಮ ಇದೆ. ವರ್ಷಕ್ಕೆ 50,000 ಪೌಂಡ್ ಮೇಲೆ ಆದಾಯ ಇರೋ ಸೋಲ್ ಟ್ರೇಡರ್‌ಗಳಿಗೆ (ಕಂಪನಿ ಮಾಡ್ದೆ ಸ್ವಂತ ಹೆಸರಲ್ಲೇ ವ್ಯವಹಾರ ಮಾಡೋರು) 2026ರ ಏಪ್ರಿಲ್ 6ರಿಂದ, 30,000 ದಾಟಿದೋರಿಗೆ 2027ರಿಂದ, 20,000 ದಾಟಿದೋರಿಗೆ 2028ರಿಂದ. ಲೆಕ್ಕ ಸಾಫ್ಟ್‌ವೇರ್‌ನಲ್ಲೇ ಇಡ್ಬೇಕು, ಮೂರು ತಿಂಗ್ಳಿಗೊಮ್ಮೆ ಅಪ್‌ಡೇಟ್ ಕಳ್ಸ್ಬೇಕು. ಅಂದ್ರೆ ವರ್ಷಕ್ಕೊಂದ್ಸಲ ರಸೀದಿ ಚೀಲ ಅಕೌಂಟೆಂಟ್ ಮುಂದೆ ಸುರೀತಿದ್ದೋರಿಗೆ ಈಗ ತಿಂಗಳು ತಿಂಗಳು ಒಬ್ರು ಬೇಕೇ ಬೇಕು.

ಆದ್ರೆ ಟ್ಯಾಲಿ ಅಲ್ಲಿ ನಡೆಯಲ್ಲ. ಝೀರೋ ಅನ್ನೋ ಸಾಫ್ಟ್‌ವೇರ್, ಇಲ್ಲಾ ಕ್ವಿಕ್‌ಬುಕ್ಸ್ ಆನ್‌ಲೈನ್ ಕಲೀರಿ, ಎರಡರ ಸರ್ಟಿಫಿಕೇಶನ್‌ಗೂ ಫೀಸ್ ಇಲ್ಲ. ಡೆಬಿಟ್ ಕ್ರೆಡಿಟ್ ಗೊತ್ತಿರೋರಿಗೆ ಕಷ್ಟ ಇಲ್ಲ, ಅವ್ರ ವ್ಯಾಟ್ (ನಮ್ಮ ಜಿಎಸ್‌ಟಿ ತರದ ತೆರಿಗೆ) ಮಾತ್ರ ಗಮನ ಇಟ್ಟು ಓದಿ. ಇನ್ನೊಂದು ದಯವಿಟ್ಟು ಕೇಳಿ, ಅಲ್ಲಿ ಬುಕ್‌ಕೀಪಿಂಗ್ ಬಿಸಿನೆಸ್ ನಡ್ಸೋರು ಮನಿ ಲಾಂಡರಿಂಗ್ ತಡೆಯೋ ಕಾನೂನಿನ ಕೆಳಗೆ ರಿಜಿಸ್ಟರ್ ಆಗಿರ್ಬೇಕು, ಅದಕ್ಕೇ ನೇರವಾಗಿ ರಿಟರ್ನ್ ಫೈಲ್ ಮಾಡ್ತೀನಿ ಅಂತ ಒಪ್ಕೋಬೇಡಿ, ಅವ್ರ ಅಕೌಂಟೆಂಟ್ ಜೊತೆ ಸೇರ್ಕೊಂಡು ಮಾಡಿ.

ಬಸವೇಶ್ವರನಗರ_ವಿಎ:
ತುಂಬಾ ಥ್ಯಾಂಕ್ಸ್. ಟೈಮ್ ವಿಷ್ಯ ಈ ತರ ಯೋಚ್ನೆನೇ ಮಾಡಿರ್ಲಿಲ್ಲ. ಲಂಡನ್ ಅವ್ರು ಸೋಲ್ ಟ್ರೇಡರೇ, ಅಕೌಂಟೆಂಟೂ ಇದಾರೆ, ನಾಳೆನೇ ಕೇಳ್ತೀನಿ. ಬುಟೀಕ್ ಹಂಗೇ ಇರ್ಲಿ, ಬೋಸ್ಟನ್ ಅವ್ರ ಹತ್ರ ಮಲ್ಲೇಶ್ವರದವ್ರು ಹೇಳ್ದಂಗೆ ಮಾತಾಡ್ತೀನಿ, ಬುಕ್‌ಕೀಪಿಂಗ್‌ನಲ್ಲಿ ಎರಡ್ನೇ ಕ್ಲೈಂಟ್ ಸಿಗೋವರೆಗೂ ಯಾರನ್ನೂ ಬಿಡಲ್ಲ. ರೇಟ್ ಹೆಂಗ್ ಹೇಳೋದು? ಜಿಎಸ್‌ಟಿ ಈಗ್ಲೇ ಬೇಕಾ?

ಜಮಾಖರ್ಚು:
ವರ್ಷದ ಒಟ್ಟು ಟರ್ನೋವರ್ 20 ಲಕ್ಷ ದಾಟೋವರೆಗೂ ಕಡ್ಡಾಯ ಇಲ್ಲ, ಎಕ್ಸ್‌ಪೋರ್ಟ್ ದುಡ್ಡೂ ಆ ಲೆಕ್ಕಕ್ಕೆ ಬರತ್ತೆ. ಹೊರಗಿಂದ ಬಂದ ಪ್ರತಿ ಪೇಮೆಂಟಿಗೂ ಬ್ಯಾಂಕ್ ಕಾಗದ ತೆಗೆದಿಟ್ಕೊಳ್ಳಿ. ರೇಟ್ ಹೇಳೋಕ್ ಮುಂಚೆ ಮೂರು ತಿಂಗಳ ಸ್ಟೇಟ್‌ಮೆಂಟ್ ತರಿಸ್ಕೊಂಡು ತಿಂಗ್ಳಿಗೆ ಎಷ್ಟು ಎಂಟ್ರಿ ಬರತ್ತೆ ನೋಡಿ, ಅದ್ರ ಮೇಲೆ ಫಿಕ್ಸ್ ಮಾಡಿ. ಹಳೇ ಬಾಕಿ ಲೆಕ್ಕ ಇರತ್ತಲ್ಲ, ಅದನ್ನ ತಿಂಗಳ ಫೀಸಲ್ಲಿ ಸೇರಿಸ್ಬೇಡಿ ಅಕ್ಕ, ಅದಕ್ಕೆ ಬೇರೆನೇ ಚಾರ್ಜ್ ಹೇಳಿ.