ಬ್ರಿಟಿಷರ ಆಳ್ವಿಕೆಯ ಲಾಭ-ನಷ್ಟ: ಮೈಸೂರಿನ ಐವತ್ತು ವರ್ಷವನ್ನು ಅಳೆಯುವುದು ಹೇಗೆ?

ಹಳೇ ಕಡತ (ಪ್ರಶ್ನೆ):
ರೈಲು, ಕೋರ್ಟು, ಕಂದಾಯ ವ್ಯವಸ್ಥೆ ಎಲ್ಲ ಬ್ರಿಟಿಷರ ಕೊಡುಗೆ ಎನ್ನುವವರು ಒಂದು ಕಡೆ, ದೇಶವನ್ನು ಬರಿದು ಮಾಡಿದರು ಎನ್ನುವವರು ಇನ್ನೊಂದು ಕಡೆ. ವಾದ ಘೋಷಣೆಯಿಂದ ಮುಂದಕ್ಕೆ ಹೋಗುತ್ತಿಲ್ಲ. 1831ರಿಂದ 1881ರವರೆಗೆ ಮೈಸೂರು ಬ್ರಿಟಿಷ್ ಕಮಿಷನರುಗಳ ಕೈಯಲ್ಲೇ ಇತ್ತು. ಅಷ್ಟನ್ನೇ ಹಿಡಿದು ಅಳೆದರೆ ಯಾವ ಅಂಕಿ ನೋಡಬೇಕು, ಎಲ್ಲಿ ಎಡವುತ್ತೇವೆ?

ಶಾನುಭೋಗ:
ಕಮಿಷನರ್ ಮಾರ್ಕ್ ಕಬ್ಬನ್ ಕಾಲವನ್ನು (1834–61) ಸಾರಾಸಗಟಾಗಿ ತಳ್ಳಿಹಾಕಬೇಡಿ. ಅದಕ್ಕೆ ಮುಂಚೆ ಕಂದಾಯ ವಸೂಲಿಯನ್ನು ಗುತ್ತಿಗೆಗೆ ಕೊಡುತ್ತಿದ್ದರು. ಗುತ್ತಿಗೆದಾರ ಒಪ್ಪಿಕೊಂಡ ಮೊತ್ತ ಕಟ್ಟಿ, ಮೇಲೆ ತನ್ನ ಲಾಭವನ್ನೂ ತೆಗೆಯಬೇಕು. ಹಿಂಡುವುದು ರೈತನನ್ನೇ. 1830ರಲ್ಲಿ ನಗರ ಸೀಮೆಯಲ್ಲಿ (ಇಂದಿನ ಶಿವಮೊಗ್ಗದ ಕಡೆ) ಎದ್ದ ರೈತರ ದಂಗೆಗೆ ಇದು ದೊಡ್ಡ ಕಾರಣ. ಕಬ್ಬನ್ 769 ಚಿಲ್ಲರೆ ತೆರಿಗೆಗಳನ್ನು ಎತ್ತಿಹಾಕಿದರು. ರೈತನ ಮಟ್ಟದಲ್ಲಿ ಅದು ನಿಜವಾದ ಬಿಡುಗಡೆ.

ಪೊಗದಿ ಲೆಕ್ಕ:
ಒಪ್ಪುತ್ತೇನೆ, ಆದರೆ ಅರಮನೆಗೆ ಆ ಪಾಟಿ ನಗದು ಏಕೆ ಬೇಕಾಗಿತ್ತು ಎಂಬುದನ್ನೂ ಸೇರಿಸಿ. ದುಂದುವೆಚ್ಚ ಇತ್ತು, ಸರಿ. ಅದರ ಜೊತೆಗೆ 1799ರ ಒಪ್ಪಂದದಂತೆ ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ, ಅಂದರೆ 24.5 ಲಕ್ಷ ರೂಪಾಯಿ ಪೊಗದಿ (ಕಪ್ಪ) ಕಟ್ಟಬೇಕಿತ್ತು. ಮಳೆ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿ ಕೊಡುವಾಗ ಅದನ್ನು 35 ಲಕ್ಷಕ್ಕೆ ಏರಿಸಿದರು. ವಸೂಲಿ ಮಾತ್ರ ಕೆಲವು ವರ್ಷ ಮುಂದಕ್ಕೆ ಹೋಯಿತು. 24.5 ಲಕ್ಷಕ್ಕೆ ಇಳಿದದ್ದು 1928ರಲ್ಲಿ.

ಇನ್ನು ರೈಲು. ಜೋಲಾರಪೇಟೆಯಿಂದ ಬೆಂಗಳೂರಿಗೆ 1864ರಲ್ಲಿ ರೈಲು ತಂದ ಮದ್ರಾಸ್ ರೈಲ್ವೆ ಕಂಪನಿಗೆ ಶೇ. 5ರ ಬಡ್ಡಿಯ ಖಾತರಿ ಇತ್ತು. 100 ಪೌಂಡ್ ಬಂಡವಾಳಕ್ಕೆ ಮಾರ್ಗ 3 ಪೌಂಡ್ ಗಳಿಸಿದರೆ ಉಳಿದ 2 ಪೌಂಡನ್ನು ಭಾರತದ ಬೊಕ್ಕಸ ತುಂಬಬೇಕು. ನಷ್ಟದ ಭಯವೇ ಇಲ್ಲದ ಮೇಲೆ ಖರ್ಚಿಗೆ ಯಾರು ಕಡಿವಾಣ ಹಾಕುತ್ತಾರೆ? ಬಡ್ಡಿ ಪೌಂಡಿನಲ್ಲಿ, ತೆರಿಗೆ ರೂಪಾಯಿಯಲ್ಲಿ. ರೂಪಾಯಿ ಬೆಳ್ಳಿಯ ನಾಣ್ಯ. ಬೆಳ್ಳಿಯ ಬೆಲೆ ಬಿದ್ದಾಗ ಸುಮಾರು 10 ರೂಪಾಯಿಯಿದ್ದ ಪೌಂಡು 1890ರ ದಶಕದಲ್ಲಿ 15 ರೂಪಾಯಿ ದಾಟಿತು. ಅದೇ 5 ಪೌಂಡ್ ಬಡ್ಡಿಗೆ 50ರ ಬದಲು 75 ರೂಪಾಯಿ ತೆರಬೇಕು.

ಬೆಂಗಳೂರು–ಮೈಸೂರು ಮೀಟರ್ ಗೇಜ್ ಮಾರ್ಗವನ್ನಂತೂ ಕೊಡುಗೆ ಎನ್ನಲೇಬೇಡಿ. ಬರಗಾಲದ ಕಾಮಗಾರಿಯಾಗಿ, ಮೈಸೂರಿನದೇ ದುಡ್ಡಿನಲ್ಲಿ ಆದದ್ದು ಅದು.

ಜನಗಣತಿ:
ನನಗೆ ಎಲ್ಲಕ್ಕಿಂತ ಭಾರವಾದ ಅಂಕಿ 1876–78ರ ಬರದ್ದು. ಮೈಸೂರಿನ ಜನಸಂಖ್ಯೆ 1871ರಲ್ಲಿ 50.55 ಲಕ್ಷ, 1881ರಲ್ಲಿ 41.86 ಲಕ್ಷ. ಇಳಿದ 8.69 ಲಕ್ಷವನ್ನು ನೇರವಾಗಿ ಸಾವಿನ ಸಂಖ್ಯೆ ಎಂದು ಬರೆಯುವುದು ತಪ್ಪು. ಊರು ಬಿಟ್ಟವರೂ ಅದರಲ್ಲಿದ್ದಾರೆ, ಹುಟ್ಟದೇ ಹೋದ ಮಕ್ಕಳೂ ಇದ್ದಾರೆ. ಬರಕ್ಕೆ ಮುಂಚಿನ ವರ್ಷಗಳಲ್ಲಿ ಹೆಚ್ಚಿದ ಜನ ಆ ಲೆಕ್ಕಕ್ಕೇ ಸಿಗುವುದಿಲ್ಲ.

ರೈಲು ಇದ್ದೂ ಹೀಗೇಕಾಯಿತು? ಧಾನ್ಯ ಬೆಂಗಳೂರಿನವರೆಗೆ ಬರುತ್ತಿತ್ತು. ಅದರಾಚೆ ಎತ್ತಿನಗಾಡಿಯೇ ಗತಿ, ಮೇವಿಲ್ಲದೆ ಎತ್ತುಗಳೇ ಸಾಯುತ್ತಿದ್ದವು. ಧಾನ್ಯವಿದ್ದಲ್ಲೂ ಬೆಲೆ ಕೂಲಿಯವನ ಕೈಗೆಟುಕಲಿಲ್ಲ. ಅದೇ ಬರದಲ್ಲಿ, 1877ರಲ್ಲಿ, ಮದ್ರಾಸ್ ಪ್ರಾಂತದಲ್ಲಿ ಬರದ ಉಸ್ತುವಾರಿಗೆ ಸರ್ಕಾರ ಕಳಿಸಿದ್ದ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ (ಸುಮಾರು 450 ಗ್ರಾಂ) ಧಾನ್ಯ, ಮೇಲೆ ಒಂದಿಷ್ಟು ಪುಡಿಗಾಸಿಗೆ ಇಳಿಸಿದರು. ಮಣ್ಣು ಹೊರುವ ದೇಹಕ್ಕೆ ಇದು ಸಾಲದೆಂದು ಅಲ್ಲಿನ ಆರೋಗ್ಯಾಧಿಕಾರಿ ಕಾರ್ನಿಷ್ ಆಗಲೇ ತಕರಾರು ಎತ್ತಿದ್ದರು. ಆದ್ದರಿಂದ "ಆ ಕಾಲಕ್ಕೆ ಯಾರಿಗೂ ತಿಳಿದಿರಲಿಲ್ಲ" ಎಂಬ ಸಮಜಾಯಿಷಿಯನ್ನು ನಾನು ಒಪ್ಪುವುದಿಲ್ಲ.

ಶಾನುಭೋಗ:
ಬರದ ವಿಷಯದಲ್ಲಿ ನನ್ನ ತಕರಾರಿಲ್ಲ. ಕಬ್ಬನ್ ಕಾಲವನ್ನೂ ಬರದ ವರ್ಷಗಳನ್ನೂ ಒಂದೇ ಸಾಲಿನಲ್ಲಿ ಕೂಡಿಸಬೇಡಿ, ಅಷ್ಟೇ. ಕಂದಾಯಕ್ಕೆ ಒಂದು ಪುಟ, ಬರಕ್ಕೆ ಬೇರೆ ಪುಟ ಇಡಿ. ಬರದ ಖರ್ಚಿನಿಂದಾಗಿ 1881ರಲ್ಲಿ ಮಹಾರಾಜರ ತಲೆಗೆ ಬಂದ ಸುಮಾರು 80 ಲಕ್ಷ ರೂಪಾಯಿ ಸಾಲವನ್ನು ಬರದ ಪುಟದಲ್ಲೇ ಬರೆದುಕೊಳ್ಳಿ.