ಅಪ್ಪನ ಬಂದೂಕು ಯಾರ ಹೆಸರಿಗೆ?

ಕಳೆದ ವಾರದ ಸಮಸ್ಯೆ: ಜಗಳೂರು ತಾಲ್ಲೂಕಿನ ಹಳ್ಳಿ ನಮ್ಮದು. ಅಪ್ಪ ತೀರಿಕೊಂಡು ಎರಡು ತಿಂಗಳಾಯಿತು. ತಾತನ ಕಾಲದ ಒಂಟಿ ನಳಿಗೆ ಬಂದೂಕು ನಡುಮನೆ ಗೋಡೆಯಲ್ಲೇ ಇದೆ. ಬದುವಿನ ಜಗಳದಲ್ಲಿ ತಾತ ಇದೇ ಬಂದೂಕಿನಿಂದ ದಾಯಾದಿಗೆ ಗುರಿ ಇಟ್ಟಿದ್ದರು. ಗುಂಡು ಭುಜ ಸವರಿ ಹೋಯಿತು. ಹಿರಿಯರು ಸೇರಿ ಕೇಸಾಗದಂತೆ ರಾಜಿ ಮಾಡಿಸಿದರು, ಆದರೆ ಎರಡು ಮನೆಗೂ ಅಂದಿನಿಂದ ಮಾತಿಲ್ಲ. ಈಗ ಅದೇ ಬದುವಿಗೆ ಮತ್ತೆ ಜಗಳ. ಅಣ್ಣ ಬಂದೂಕನ್ನು ತನ್ನ ಹೆಸರಿಗೆ ಮಾಡಿಸಿಕೊಳ್ತೀನಿ ಅನ್ನುತ್ತಾನೆ. ಅಮ್ಮ ಮನೆತನದ ಮರ್ಯಾದೆ ಅನ್ನುತ್ತಾರೆ. ನನಗೆ ರಾತ್ರಿ ನಿದ್ದೆ ಇಲ್ಲ. ಏನು ಮಾಡಲಿ?

ಓದುಗರ ಸ್ಪಂದನ

ನಿಮ್ಮ ಪತ್ರ ಓದಿ ನಮ್ಮವ್ವ ನೆನಪಾದರು. ನಾನಾಗ ಏಳನೇ ಕ್ಲಾಸು. ಬೋರ್‌ವೆಲ್ ನೀರಿಗೆ ಪಕ್ಕದ ಹೊಲದವರ ಜೊತೆ ಅಪ್ಪನಿಗೆ ಕೈ ಕೈ ಮಿಲಾಯಿಸಿತ್ತು. ಹರಿದ ಅಂಗಿಯಲ್ಲೇ ಮನೆಗೆ ಬಂದವರು, ಯಾರ ಹತ್ತಿರವೂ ಮಾತಾಡದೆ ಗೂಟದಿಂದ ಬಂದೂಕು ಇಳಿಸಿದರು. ತೋಟಾ ಇಡುತ್ತಿದ್ದದ್ದು ಟ್ರಂಕಿನೊಳಗಿನ ಬಿಸ್ಕತ್ತು ಡಬ್ಬಿಯಲ್ಲಿ. ಡಬ್ಬಿ ಖಾಲಿ! ಹೊಲದ ಕಡೆ ಕೂಗಾಟ ಕೇಳಿದಾಗಲೇ ಅವ್ವ ಆರೂ ತೋಟಾ ತೆಗೆದು ರಾಗಿ ವಾಡೆಯೊಳಗೆ ಮೊಣಕೈವರೆಗೂ ಕೈ ಇಳಿಸಿ ಹೂತಿದ್ದರು. ಅಪ್ಪ ಹಾಸಿಗೆ ಕೊಡವಿದರು, ದೇವರ ಗೂಡಿಗೂ ಕೈ ಹಾಕಿದರು. ಅವ್ವ ಒಲೆ ಮುಂದೆ ಮುದ್ದೆ ತಿರುವುತ್ತಲೇ ಇದ್ದರು. ಕೋಲು ಪಾತ್ರೆಗೆ ಬಡಿಯುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ಅರ್ಧ ಗಂಟೆ ಆಗಿರಬಹುದು. ಅಪ್ಪ ಜಗಲಿಗೆ ಹೋಗಿ ಕೂತು ನೀರು ಕೇಳಿದರು. ಅಷ್ಟೇ.

ಮುಂದಿನ ಚುನಾವಣೆಗೆ ಎಲ್ಲರಂತೆ ಬಂದೂಕನ್ನು ಠಾಣೆಯಲ್ಲಿಟ್ಟರು. ಫಲಿತಾಂಶ ಬಂದ ಮೇಲೂ ತರಲು ಹೋಗಲಿಲ್ಲ. ಕೊನೆಗೆ ಲೈಸೆನ್ಸ್ ಇದ್ದ ಪರಿಚಯದವರಿಗೆ ಮಾರಿದರು. ಅವ್ವನಿಗೆ ಒಂದು ಮಾತೂ ಅನ್ನಲಿಲ್ಲ. ನಮ್ಮಪ್ಪ ಕೆಟ್ಟವರಲ್ಲ, ನಿಮ್ಮಣ್ಣನೂ ಅಲ್ಲದೇ ಇರಬಹುದು. ಆದರೆ ತೋಟಾ ಈಗ ಎಲ್ಲಿದೆ ಅಂತ ಮೊದಲು ನೋಡಿ.
– ಗೃಹಿಣಿ, ಹಿರಿಯೂರು

ಲೈಸೆನ್ಸ್ ಇದ್ದದ್ದು ನಿಮ್ಮ ತಂದೆಯ ಹೆಸರಲ್ಲಿ. ಅವರ ಜೊತೆಗೇ ಅದು ಮುಗಿಯಿತು. ಹೊಲ, ಮನೆಯಂತೆ ಬಂದೂಕು ತಾನಾಗಿ ಮಗನ ಹೆಸರಿಗೆ ಬರಲ್ಲ. 1959ರ ಆಯುಧ ಕಾಯ್ದೆಯ 21ನೇ ಕಲಂ ಪ್ರಕಾರ ತಡ ಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಬಳಿಯೋ ಇಡಬೇಕು. ರಸೀದಿ ಮರೆಯಬೇಡಿ. ಇಟ್ಟ ಮಾತ್ರಕ್ಕೆ ಕೈತಪ್ಪಲ್ಲ. ವಾರಸುದಾರರು ಗಡುವಿನೊಳಗೆ ಲೈಸೆನ್ಸ್ ಪಡೆದರೆ ವಾಪಸ್ ಸಿಗುತ್ತದೆ, ಬೇಡವಾದರೆ ಲೈಸೆನ್ಸ್ ಇರುವವರಿಗೆ ಮಾರಬಹುದು. ಅಣ್ಣ ಅರ್ಜಿ ಹಾಕಿದರೆ ಪೊಲೀಸ್ ವರದಿ ತರಿಸಿಕೊಳ್ಳುತ್ತಾರೆ, ಬದುವಿನ ಜಗಳ ಅಲ್ಲಿ ಬಾರದೇ ಇರುತ್ತದಾ? ಇನ್ನೊಂದು ಮಾತು. ಹಳೇ ಲೈಸೆನ್ಸ್ ಪುಸ್ತಕದಲ್ಲಿ ಚಿತ್ರದುರ್ಗದ ಮೊಹರಿದ್ದರೆ ಗಾಬರಿ ಬೇಡ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ, ಈಗಿನ ಅರ್ಜಿ ಇಲ್ಲಿನ ಡಿಸಿ ಕಚೇರಿಗೆ.
– ವಕೀಲರು, ದಾವಣಗೆರೆ

ಎಲ್ಲರೂ ಬಂದೂಕು ಬೇಡ ಅಂತ ಬರೀತಾರೆ, ಗೊತ್ತು. ಮೆಕ್ಕೆಜೋಳ ಹಾಲುಗಾಳಿಗೆ ಬಂದಾಗ ಹಂದಿ ಹಿಂಡು ನುಗ್ಗಿದರೆ ಬೆಳಗ್ಗೆ ಹೊಲ ನೋಡಕ್ಕಾಗಲ್ಲ. ನಮ್ಮ ಮನೆಯಲ್ಲೂ ಬೆಳೆ ಕಾಯಲು ತಗೊಂಡ ಬಂದೂಕಿದೆ. ಬಂದೂಕಿದ್ದ ಮನೆಯವರೆಲ್ಲ ಕೊಲೆಗಡುಕರಲ್ಲ. ಆದರೂ ನಿಜ ಹೇಳ್ತೀನಿ, ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಹೊಡೆಯುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಬಿಡಲ್ಲ. ಹಾಗಾಗಿ ನಾವೂ ಸುತ್ತ ಹಳೇ ಸೀರೆ ಕಟ್ಟಿ, ಪಟಾಕಿ ಹೊಡೆದೇ ಕಾಯೋದು. ನಿಮ್ಮಣ್ಣ ಹಂದಿ ಹೆಸರು ಹೇಳಿ ಬಂದೂಕು ಕೇಳ್ತಿದ್ದಾರಾ, ಬದುವಿನ ಹೆಸರು ಹೇಳಿಯಾ? ಎರಡನೆಯದಾದರೆ ಕೊಡಿಸಬೇಡಿ.
– ರೈತ, ಮಾಯಕೊಂಡ

ನಿಮ್ಮ ತಾಯಿಗೆ ಎರಡು ಮಾತು. ಅಮ್ಮಾ, ನಮ್ಮ ದುರ್ಗದ ಹೆಸರು ಉಳಿಸಿದ ಓಬವ್ವನ ಕೈಲಿದ್ದದ್ದು ಒನಕೆ. ಅಂದು ಆಕೆ ಅದನ್ನು ಎತ್ತಿದ್ದು ಹೈದರಾಲಿಯ ಸೈನಿಕರ ಮೇಲೆ, ದಾಯಾದಿಗಳ ಮೇಲಲ್ಲ. ಆಯುಧಪೂಜೆಗೆ ಕುಂಬಳಕಾಯಿ ಒಡೆಯಲು ಬಂದೂಕೇ ಬೇಕಾ? ನಮ್ಮ ಮನೆಯಲ್ಲಿ ನೇಗಿಲು, ಕುಡುಗೋಲು, ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಗೂ ಕುಂಕುಮ ಬೀಳುತ್ತದೆ. ಸ್ಟಾರ್ಟರಿಗೇ ಜಾಸ್ತಿ, ಅದು ಕೈಕೊಟ್ಟರೆ ತೋಟವೇ ಒಣಗುತ್ತಲ್ಲ!
– ನಿವೃತ್ತ ಮೇಷ್ಟ್ರು, ಚಿತ್ರದುರ್ಗ

ಬಂದೂಕಿನ ಮಾತು ಆಮೇಲೆ. ಆ ಬದು ಎಲ್ಲಿ ಬರಬೇಕು ಅಂತ ಯಾರಾದರೂ ಅಳೆಸಿದ್ದೀರಾ? ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಹಾಕಿ. ಅಕ್ಕಪಕ್ಕದವರಿಗೆ ನೋಟಿಸ್ ಹೋಗುತ್ತದೆ, ಸರ್ವೆಯರ್ ಬಂದು ಅಳೆದು ಗಡಿ ತೋರಿಸುತ್ತಾರೆ. ನಮ್ಮಲ್ಲಿ ಹನ್ನೊಂದು ವರ್ಷ ಮಾತು ಬಿಟ್ಟಿದ್ದೆವು. ಅಳೆದಾಗ ಬಂದ ವ್ಯತ್ಯಾಸ ಒಂದೂವರೆ ಅಡಿ, ಅದೂ ನಮ್ಮ ಕಡೆಯಿಂದಲೇ ಒತ್ತುವರಿ! ಅವತ್ತು ಸರಪಳಿ ಹಿಡಿಯಲು ಜನ ಇರಲಿಲ್ಲ. ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ನಮ್ಮ ಚಿಕ್ಕಪ್ಪ.
– ಓದುಗ, ಹರಿಹರ